ಮೂರನೇ ಸಲದ ಕರೆಂಟು

ಆ ಕಡಲತೀರದ ಊರಿನವರು ಕರೆಂಟು ಹೋದರೆ ಗೊಣಗುವುದಿಲ್ಲ, ಬಂದರೆ ಅನುಮಾನಿಸುತ್ತಾರೆ. ಚಳಿಗಾಲದ ಗಾಳಿ ತಂತಿಗಳಿಗೆ ಉಪ್ಪನ್ನೂ ಹಿಮವನ್ನೂ ಮೆತ್ತಿದ ಮೇಲೆ ಅದು ನೆಟ್ಟಗೆ ಬರುವ ಗಿರಾಕಿಯಲ್ಲ. ಬರುತ್ತದೆ, ಹೋಗುತ್ತದೆ, ಬಂದಾಗಲೆಲ್ಲ ಒಂದು ಒದೆ ಕೊಟ್ಟೇ ಮನೆಯೊಳಗೆ ಕಾಲಿಡುತ್ತದೆ. "ಮೊದಲ್ನೇ ಸಲ ನೋಡೋಕೆ, ಎರಡನೇ ಸಲ ಅಣಕಿಸೋಕೆ, ಮೂರನೇ ಸಲ ಇರೋಕೆ" ಎಂಬುದು ಅಲ್ಲಿಯವರ ಮಾತು. ಎಲ್ಲ ಪ್ಲಗ್ಗುಗಳನ್ನೂ ಕಿತ್ತು, ಅಡುಗೆಮನೆಯ ಬಲ್ಬೊಂದನ್ನು ಹಾಕಿಟ್ಟು, ಎಣಿಸುತ್ತಾ ಕೂರುತ್ತಾರೆ.

ಹೋದ ಚಳಿಗಾಲ ಆ ಊರಿನ ಒದೀಲ್ ಎಂಬಾಕೆ ಎಣಿಸಿರಲಿಲ್ಲ. ಮೊದಲ ಸಲಕ್ಕೇ ಅವಸರಪಟ್ಟು ಕಂಪ್ಯೂಟರಿನ ಪ್ಲಗ್ ಹಾಕಿದ್ದಳು. ಎರಡನೇ ಸಲದ ಒದೆಗೆ ಅದು ಟಪ್ಪೆಂದು ಸುಟ್ಟುಹೋಯಿತು, ಅದರೊಂದಿಗೆ ಅವಳ ಹೈಸ್ಕೂಲು ಪರೀಕ್ಷೆಯೂ ಹೋಯಿತು. ಚಿಕ್ಕವಳಿದ್ದಾಗಲೇ ಶಾಲೆ ಬಿಟ್ಟು ಮೀನಿನ ಕಾರ್ಖಾನೆ ಸೇರಿದವಳು, ನಿವೃತ್ತಿಯಾದ ಮೇಲೆ ಹಟ ಹಿಡಿದು ಓದಲು ಕೂತಿದ್ದಳು. ಇವತ್ತು ಎರಡು ಗಂಟೆಗೆ ಅದೇ ಪರೀಕ್ಷೆ, ಮನೆಯ ಕಂಪ್ಯೂಟರಿನಲ್ಲೇ. ಇದೇ ಕೊನೆಯ ಅವಕಾಶ, ತಡವಾದರೆ ಪರೀಕ್ಷೆಯ ಪುಟ ತೆರೆಯುವುದೇ ಇಲ್ಲ. ಕರೆಂಟು ಬೆಳಗ್ಗೆಯೇ ಹೋಗಿತ್ತು.

ಊಟದ ಹೊತ್ತಿಗೆ ಬಲ್ಬು ಹತ್ತಿತು.

"ಒಂದು," ಎಂದ ಅವಳ ಗಂಡ ಕ್ಲೋವಿಸ್, ಕಟ್ಟಿಗೆ ಒಲೆಯ ಮೇಲಿನ ಕೋಳಿ ಸಾರು ಕದಡುತ್ತಾ.

ಬಲ್ಬು ಉರಿಯುತ್ತಲೇ ಇತ್ತು.

"ಪ್ಲಗ್ ಹಾಕ್ಲಾ? ಒಂಚೂರೂ ಮಿಣುಕ್ತಿಲ್ಲ ನೋಡು."

"ಒಂದೇ ಸಲ ಬಂದಿರೋದು ಕಣೇ. ನೋಡೋಕೆ ಬಂದೋರು ಕೂತ ತಕ್ಷಣ ನೆಂಟರಾಗ್ಬಿಡ್ತಾರಾ?"

"ಅದಕ್ಕೇ ಅಲ್ವಾ ಹೊಸ ಸ್ಪೈಕ್ ಬಸ್ಟರ್ ತಂದಿದ್ದು?"

"ಅದನ್ನ ಮಾಡಿದೋನು ನಮ್ಮೂರ ಕರೆಂಟು ನೋಡಿಲ್ಲ."

ಎದುರುಮನೆಯಲ್ಲೂ ಒಂದೇ ಬಲ್ಬು ಉರಿಯುತ್ತಿತ್ತು. ಇಡೀ ಬೀದಿ ಎಣಿಸುತ್ತಿತ್ತು, ಎಣಿಕೆ ಮಾತ್ರ ಒಂದರಿಂದ ಮುಂದಕ್ಕೆ ಹೋಗಲಿಲ್ಲ. ಕರೆಂಟು ಹೋಗಲಿ ದೇವರೇ ಎಂದು ಒದೀಲ್ ಜೀವಮಾನದಲ್ಲಿ ಮೊದಲ ಸಲ ಬೇಡಿಕೊಂಡಳು. ಪ್ಲಗ್ ಅವಳ ಕೈಯಲ್ಲೇ ಇತ್ತು, ಆದರೆ ಆ ಸುಟ್ಟ ವಾಸನೆ ನೆನಪಾಗಿ ಕೈ ಮುಂದೆ ಹೋಗಲೊಲ್ಲದು. ಎರಡಕ್ಕೆ ಇನ್ನು ಕಾಲು ಗಂಟೆ ಉಳಿದಾಗ ಅವಳು ಪ್ಲಗ್ಗನ್ನು ನೆಲಕ್ಕೆ ಹಾಕಿಬಿಟ್ಟಳು.

"ಹೋಗ್ಲಿ ಬಿಡು. ಈ ವಯಸ್ಸಲ್ಲಿ ಸರ್ಟಿಫಿಕೇಟು ತಗೊಂಡು ಏನು ಉಪ್ಪಿನಕಾಯಿ ಹಾಕ್ಬೇಕಾ?"

ಕ್ಲೋವಿಸ್ ಸೌಟು ಕೆಳಗಿಟ್ಟು ನೆಲಮಾಳಿಗೆಗೆ ಇಳಿದುಹೋದ.

ಬಲ್ಬು ಆರಿತು.

"ಹೋಯ್ತು! ಕ್ಲೋವಿಸ್, ಹೋಯ್ತು!" ಒದೀಲ್ ಕುಣಿದುಬಿಟ್ಟಳು. ಬಲ್ಬು ಹತ್ತಿತು. ಮತ್ತೆ ಆರಿತು. ಮತ್ತೆ ಹತ್ತಿತು.

ಕ್ಲೋವಿಸ್ ತಲೆಯ ಮೇಲೆ ಜೇಡರ ಬಲೆ ಹೊತ್ತುಕೊಂಡು ಮೇಲೆ ಬಂದ. "ಮೇನ್ ಸ್ವಿಚ್ಚು. ಎರಡು ಸಲ ಆರಿಸಿ ಹಾಕಿದೆ. ಮೂರಾಯ್ತು, ಕೂತ್ಕೋ."

"ಅಯ್ಯೋ ಹುಚ್ಚು ಮುದುಕಾ! ಅದು ನಿನ್ನ ಲೆಕ್ಕ. ಹೊರಗಿನ ಕರೆಂಟಿಗೆ ಏನು ಗೊತ್ತು?"

"ಅದಕ್ಕೆ ಗೊತ್ತಿಲ್ಲ ಅಂತ ನಂಗೂ ಗೊತ್ತು."

ಅವನು ಬಗ್ಗಿ ಪ್ಲಗ್ ಎತ್ತಿಕೊಂಡ. ಒದೀಲ್ ಕೈ ಚಾಚಿದರೆ ಕೊಡಲಿಲ್ಲ.

"ನಾನು ಹಾಕ್ತೀನಿ. ಸುಟ್ರೆ ನನ್ನ ಕೈಯಲ್ಲಿ ಸುಡ್ಲಿ. ವರ್ಷವಿಡೀ ನಿನ್ನನ್ನ ನೀನೇ ಬೈಕೊಂಡಿದ್ದು ಸಾಕು. ಈ ಸಲ ಬೈಯೋಕೆ ನಾನಿರ್ತೀನಿ."

ಅವನು ಕಣ್ಣು ಮುಚ್ಚಿಕೊಂಡು ಪ್ಲಗ್ ಒತ್ತಿದ. ಪರದೆ ಬೆಳಗಿತು. ಒದೀಲ್ ಮೊದಲ ಪ್ರಶ್ನೆ ಓದುವ ಮುಂಚೆ ಎರಡು ಸಲ ಕಣ್ಣೊರೆಸಿಕೊಳ್ಳಬೇಕಾಯಿತು.