ಹಸಿರಂಗಿಯವಳ ಹಿಂದೆ

ಪಾರ್ಕಿನ ತೊಟ್ಟಿಲುರಾಟೆಯ ಕಡ್ಡಿಗಳ ನೆರಳು ಅವಳ ಪಾದದ ಮೇಲಿಂದ ಹಾದುಹೋಗುತ್ತಿದೆ, ಒಂದು, ಇನ್ನೊಂದು, ಮತ್ತೊಂದು, ಯಾರೋ ಬೆರಳುಗಳನ್ನು ಮುಟ್ಟಿ ಮುಟ್ಟಿ ಬಿಡುತ್ತಿರುವ ಹಾಗೆ, ಸುಟ್ಟ ಸಕ್ಕರೆಯ ವಾಸನೆ, ಅದರ ಬೆನ್ನಿಗೇ ಸಮುದ್ರದ ಉಪ್ಪುಗಾಳಿ, ಹವಾನಾದ ಆಗಸ್ಟು ಎಲ್ಲರ ಕುತ್ತಿಗೆಯಲ್ಲೂ ಬೆವರಾಗಿ ಇಳಿಯುತ್ತಿದೆ, ಸೊರೈದಾ ಮಾತ್ರ ಬಲಗಡೆ ತಿರುಗುವುದಿಲ್ಲ — ಬಲಗಡೆ, ಬಾದಾಮಿ ಮರದಡಿಯ ಇದೇ ಕಲ್ಲುಬೆಂಚಿನ ಆ ತುದಿಯಲ್ಲಿ, ಒಂದು ಹಸಿರು ಅಂಗಿ ಕೂತಿದೆ, ಅಂಗಿಯೊಳಗೆ ಅವಳ ತಂಗಿ ಯಾಮಿಲೆ ಇದ್ದಾಳೆ, ಆರು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಬೇಕೆಂದು ಕೂತದ್ದಲ್ಲ. ಮಗಳು ಲೀಸಳ ಕೈ ಹಿಡಿದು ಪಾರ್ಕಿನೊಳಗೆ ಬಂದವಳು ರಾಟೆಯ ಸಾಲಿಗೆ ಬಂದವರೆಲ್ಲ ಕೇಳುವುದನ್ನೇ ಕೇಳಿದಳು, ಕೊನೆಯವರು ಯಾರು?, ಮರದ ಕೆಳಗಿಂದ ಒಂದು ಕೈ ಎದ್ದಿತು, ಕೈ ಮೊದಲು ಎದ್ದು ಮುಖ ಆಮೇಲೆ ತಿರುಗಿತು, ತಿರುಗಿದ್ದು ಯಾಮಿಯ ಮುಖ — ಎತ್ತಿದ ಕೈ ಇಳಿಸುವಂತಿಲ್ಲ, ಕೇಳಿದ ಮಾತನ್ನು ವಾಪಸು ನುಂಗುವಂತಿಲ್ಲ, ಸಾಲಿನ ಧರ್ಮ ಅದು, ಕೊನೆಯವರು ಕೈ ಎತ್ತಬೇಕು, ತಾವು ಯಾರ ಹಿಂದೆ ಅನ್ನುವುದನ್ನೂ ಹೇಳಬೇಕು, ಅಷ್ಟು ಹೇಳಿ ಕೇಳಿ ಆಯಿತೆಂದರೆ ನಿಲ್ಲುವ ಹಂಗಿಲ್ಲ, ಮರದ ನೆರಳಿಗೋ ಕಡಲೇಕಾಯಿಯವನ ಹತ್ತಿರಕ್ಕೋ ಹೋಗಿ ಆರಾಮವಾಗಿ ಕೂರಬಹುದು. ಯಾಮಿ ಐಸ್ ಗಾಡಿಯ ಕಡೆ ನೋಡುತ್ತ, ನಾನು ಹುಲ್ಲುಟೋಪಿಯವರ ಹಿಂದೆ, ಅಂದಳು. ಆರು ವರ್ಷಕ್ಕೆ ಅಷ್ಟು. ಸೊರೈದಾ ತಲೆಯಾಡಿಸಿದಳು, ಉಳಿದಿದ್ದ ನೆರಳು ಆ ಬೆಂಚಿನದೊಂದೇ, ಕೂತಳು. ಆಮೇಲೆ ತಲೆಗೆ ರೋಲರ್ ಸುತ್ತಿ ಮೇಲೆ ವಸ್ತ್ರ ಕಟ್ಟಿಕೊಂಡಿದ್ದ ಒಬ್ಬ ದಪ್ಪ ಹೆಂಗಸು ಎರಡು ಮೊಮ್ಮಕ್ಕಳನ್ನು ದಬ್ಬಿಕೊಂಡು ಬಂದು, ಯಾರಮ್ಮಾ ಕೊನೆಯವರು, ಅಂದಾಗ ಸೊರೈದಾಳ ಕೈ ಎದ್ದಿತು, ನೀನು ಯಾರ ಹಿಂದೆ ಚಿನ್ನ, ಅಂದರೆ ಏನು ಹೇಳುವುದು, ಒಂದು ಮಾರು ದೂರದಲ್ಲಿ ತಂಗಿ ಕೇಳಿಸಿಕೊಳ್ಳುತ್ತ ಕೂತಿದ್ದಾಳೆ, ಕಿವಿಯ ಹಿಂದಿನ ಆ ಎಳೆಗೂದಲು ಕೂಡ ಹಾಗೇ ಇದೆ — ಹಸಿರಂಗಿಯವಳ ಹಿಂದೆ, ಅಂದಳು. ಯಾಮಿಯ ಬೆನ್ನು ಅಲುಗಲಿಲ್ಲ. ರೋಲರಿನವಳು ಹಸಿರಂಗಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಬಾಯಿಪಾಠ ಮಾಡಿಕೊಂಡಳು, ಮುಖ ನೋಡಲಿಲ್ಲ, ಮುಖ ಯಾರು ನೋಡುತ್ತಾರೆ, ಸಾಲಿನಲ್ಲಿ ಎಲ್ಲರೂ ಬಟ್ಟೆಗಳೇ.

ಎಷ್ಟು ಚೆಂದ ಅಂತ ಅನ್ನಿಸುತ್ತದೆ ಅವಳಿಗೆ, ಇಂಥ ಹೊತ್ತಿನಲ್ಲೂ ಅನ್ನಿಸುತ್ತದೆ, ಆಗಷ್ಟೇ ಇಬ್ಬರು ಪರದೇಶದವರು ಗೇಟಿನ ಮುಂದೆ ಬಿಸಿಲಿನಲ್ಲಿ ಒಬ್ಬರ ಹಿಂದೆ ಒಬ್ಬರು ಕಂಬದ ಹಾಗೆ ನಿಂತುಕೊಂಡು ಸಾಲು ಎಲ್ಲಿ ಅಂತ ಕೇಳಿದಾಗ ರಾಟೆ ತಿರುಗಿಸುವ ಎವೆಲಿಯೊ ತೋಳು ಬೀಸಿ ಮರ, ಬೆಂಚು, ಎಣ್ಣೆತಿಂಡಿ ಚುರ್ರೊ ಕರಿಯುವ ಗಾಡಿ, ನಿದ್ದೆ ಮಾಡುತ್ತಿದ್ದ ನಾಯಿ ಎಲ್ಲವನ್ನೂ ತೋರಿಸಿದ, ಇದೇ ಸಾಲು ಸ್ವಾಮಿ, ಆ ನಾಯಿ ಬಿಟ್ಟು — ನಿಜ, ಇಡೀ ಪಾರ್ಕು ಚೆಲ್ಲಿದ ಹಾಗೆ ಕಾಣುತ್ತದೆ, ಆದರೆ ಪ್ರತಿಯೊಬ್ಬರ ಬಾಯಲ್ಲೂ ಮುಂದಿನವರ ಗುರುತು ಇದೆ, ಕಣ್ಣಿಗೆ ಕಾಣದ ದಾರದಲ್ಲಿ ಹೂ ಕಟ್ಟಿದ ಹಾಗೆ, ಹಗ್ಗ ಇಲ್ಲ, ಪೊಲೀಸಿನವನಿಲ್ಲ, ಚೀಟಿಯಿಲ್ಲ. ಈ ದಾರ ಹಿಡಿಯುವುದರಲ್ಲಿ ಯಾಮಿಯಂಥವಳು ಇರಲಿಲ್ಲ. ಅವರು ಚಿಕ್ಕವರಿದ್ದಾಗ, ದೇಶಕ್ಕೆ ದೇಶವೇ ಹಸಿದಿದ್ದ ವರ್ಷಗಳಲ್ಲಿ, ಬ್ರೆಡ್ಡಿನ ಸಾಲಿನ ನಡುವೆ ಗಾಳಿಮಳೆ ಬಂದು ಬೀದಿಯೇ ಚದುರಿಹೋಯಿತು, ಮಳೆ ನಿಂತ ಮೇಲೆ ಅಂಗಡಿಯ ಮೆಟ್ಟಿಲು ಹತ್ತಿ ನಿಂತಳು ಪುಟ್ಟ ಯಾಮಿ, ಮೊಣಕಾಲಿನವರೆಗೂ ಕೆಸರು, ಬೋಳುತಲೆ ಮಾಮನ ಹಿಂದೆ ಬಸುರಿ ಅತ್ತೆ, ಬಸುರಿ ಅತ್ತೆ ಹಿಂದೆ ಹುಂಜ ಹಿಡಿದವನು, ಹುಂಜದ ಹಿಂದೆ ನೀವು, ಅಲ್ಲ ನೀವಲ್ಲ, ನೀವು ಅವರ ಹಿಂದೆ — ಇಡೀ ಬೀದಿಯನ್ನು ಕೊನೆಯ ಮನುಷ್ಯನವರೆಗೂ ಹೇಳಿಬಿಟ್ಟಳು, ದೊಡ್ಡವರು ಒಬ್ಬೊಬ್ಬರಾಗಿ ತಮ್ಮ ಜಾಗಕ್ಕೆ ಹೋಗಿ ನಿಂತರು, ಒಬ್ಬರೂ ತಕರಾರು ತೆಗೆಯಲಿಲ್ಲ, ಇವಳ ತಲೆಯೊಳಗೆ ಊರೇ ನಿಂತಿದೆ ಕಣೇ ಅಂತ ಅಮ್ಮ ನಕ್ಕಳು, ಅಮ್ಮ. ಇಬ್ಬರೂ ಜಗಳ ಆಡಿದ್ದರೆ ಚೆನ್ನಾಗಿತ್ತು. ಜಗಳಕ್ಕೆ ಒಂದು ತುದಿಯಾದರೂ ಇರುತ್ತದೆ, ಹಿಡಿದು ಬಿಚ್ಚಬಹುದು. ಅಮ್ಮ ಸತ್ತ ಒಂಬತ್ತನೆಯ ದಿನ, ಪ್ರಾರ್ಥನೆ ಮುಗಿದು ಮನೆಯವರು ಸೇರುವ ದಿನ, ಸೊರೈದಾ ಕಾಫಿ ಕಾಸಿ ಕಾದಳು, ಚಿಕ್ಕವಳು ದೊಡ್ಡವಳ ಮನೆಗೆ ಬರಬೇಕು, ಬರಲಿ ಅಂತ. ಕೊಲ್ಲಿಯ ಆಚೆ ರೆಗ್ಲಾದಲ್ಲಿ ಯಾಮಿಯೂ ಕಾದಳಂತೆ, ಅಮ್ಮನ ಕೊನೆ ಉಸಿರಿಗೆ ಪಕ್ಕದಲ್ಲಿದ್ದ ಅಕ್ಕ ಇಲ್ಲದಿದ್ದ ತಂಗಿಯ ಹತ್ತಿರ ಬರಬೇಕು, ಬರಲಿ ಅಂತ — ಪಕ್ಕದಮನೆಯವಳು ಹೇಳಿದ್ದು — ಕಾಫಿ ಆರಿತು, ದೋಣಿ ದಿನಕ್ಕೆ ಎಷ್ಟೋ ಸಲ ಈ ದಡಕ್ಕೂ ಆ ದಡಕ್ಕೂ ಓಡಾಡುತ್ತಲೇ ಇತ್ತು, ಯಾರೂ ಹತ್ತಲಿಲ್ಲ, ಮೊದಲು ಯಾರು ಅನ್ನುವುದನ್ನು ಕೇಳುವುದಕ್ಕೇ ಯಾರೂ ಇರಲಿಲ್ಲ. ಯಾಮಿಗೆ ಮಗಳು ಹುಟ್ಟಿದ್ದನ್ನೂ ಪಕ್ಕದಮನೆಯವಳೇ ಹೇಳಿದಳು. ಇಗೋ ಆ ಮಗು ಇಲ್ಲೇ, ಲೀಸಳ ಜೊತೆ ಮಣ್ಣಿನಲ್ಲಿ ಕಡ್ಡಿಯಿಂದ ಏನೋ ಗೀಚುತ್ತಿದೆ, ನಿನ್ನ ಹೆಸರೇನೇ, ಅಮಾಯಾ, ನಂದು ಲೀಸ್, ನಿನಗೆ ಹಲ್ಲು ಬಿದ್ದಿದೆಯಾ, ಬಿದ್ದಿಲ್ಲ, ನಂಗೆ ಬಿದ್ದಿದೆ ನೋಡು — ಮುಗಿಯಿತು, ಅಷ್ಟೇ ಬೇಕಾದದ್ದು, ಹಲ್ಲು ಬಿದ್ದಿದೆಯಾ ಅಂತ ಕೇಳಿದರಾಯಿತು. ಈಗ ಹೇಳಬೇಕು. ರಾಟೆ ಹತ್ತಿ ಇಳಿದ ಮೇಲೆ ಯಾಮಿ ದೋಣಿ ಹಿಡಿಯುತ್ತಾಳೆ, ಒಂದೇ ಬೆಂಚಿನಲ್ಲಿ ಕೂತು ಆಡದ ಮಾತನ್ನು ಆಮೇಲೆ ಎಲ್ಲಿ ಆಡುವುದು, ಇವತ್ತು ಆಡದಿದ್ದರೆ ಇನ್ನು ಇಲ್ಲ, ಅದು ಗೊತ್ತು, ಹೇಗಿದ್ದೀಯ ಅನ್ನಲೇ, ಬಿಸಿಲು ಅನ್ನಲೇ, ಬಿಸಿಲು ಅಂದರೆ ಹೂಂ ಅನ್ನಬಹುದು —

ಬಿಸಿಲು ಹೋಗಿದೆ. ನೆರಳು ಪಾದದ ಮೇಲಿಂದ ಯಾವಾಗ ಎದ್ದಿತೋ, ಸಮುದ್ರದ ಕಡೆ ಆಕಾಶ ಬಾಣಲೆಯ ತಳದ ಹಾಗೆ ಕಪ್ಪಾಗಿ, ಮೊದಲ ಹನಿ ಬಾದಾಮಿ ಎಲೆಯ ಮೇಲೆ ಟಪ್ಪೆಂದಿತು, ಎರಡನೆಯದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ, ಎಲ್ಲರೂ ಓಡುತ್ತಿದ್ದಾರೆ, ಮಕ್ಕಳು ಕಿರುಚುತ್ತಿವೆ, ರೋಲರಿನವಳು ತಲೆಯ ಮೇಲೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಅಯ್ಯೋ ನನ್ನ ಗುಂಗುರು, ರಾತ್ರಿ ಮದುವೆ ಇದೆ ಕಣ್ರೋ, ಸೊರೈದಾ ಲೀಸಳನ್ನು ಎಳೆದುಕೊಂಡು ಚುರ್ರೊ ಗಾಡಿಯ ತಗಡಿನ ಕೆಳಗೆ ಬಂದು ನಿಂತು ತಿರುಗಿ ನೋಡುವಷ್ಟರಲ್ಲಿ ಮಳೆಯ ಗೋಡೆಯ ಆಚೆ ಆ ಹಸಿರಂಗಿ, ಮಗುವನ್ನು ಎತ್ತಿಕೊಂಡು ಎಲ್ಲೋ ಓಡುತ್ತಿದೆ, ಸಣ್ಣದಾಗುತ್ತಿದೆ, ಈಗ ಕಾಣುವುದೇ ಇಲ್ಲ. ಅಮ್ಮಾ, ಅಮಾಯಾ ಎಲ್ಲಿ ಹೋದ್ಲು? ಬರ್ತಾಳೆ. ಅವರಮ್ಮ ಯಾರಮ್ಮ? ಬಿಸಿ ಎಣ್ಣೆಯಲ್ಲಿ ಹಿಟ್ಟು ಸುತ್ತಿಕೊಳ್ಳುತ್ತಿದೆ, ತಗಡಿನ ಸದ್ದಿನಲ್ಲಿ ಮಗಳ ಪ್ರಶ್ನೆ ಕೇಳಿಸಲಿಲ್ಲ ಅನ್ನಬಹುದು, ಅಂದುಕೊಂಡಳು, ಮಗಳು ಇನ್ನೊಮ್ಮೆ ಕೇಳಲಿಲ್ಲ.

ಮಳೆ ನಿಂತಿತು, ಬಂದ ಹಾಗೆಯೇ, ನಲ್ಲಿ ತಿರುಗಿಸಿದ ಹಾಗೆ, ಮತ್ತು ಅದೇ ಅದ್ಭುತ ಮತ್ತೆ — ತಗಡುಗಳ ಕೆಳಗಿಂದ, ಗೋಡೆ ಮರೆಯಿಂದ, ಮರಗುದುರೆಗಳ ತಿರುಗುಚಕ್ರದ ಹೊಟ್ಟೆಯೊಳಗಿಂದ ಜನ ಬಟ್ಟೆ ಹಿಂಡಿಕೊಳ್ಳುತ್ತ ಬರುತ್ತಾರೆ, ನೀವು ನನ್ನ ಮುಂದೆ, ಹೌದಪ್ಪ ನಾನೇ, ಕೊಡೆಯವಳೆಲ್ಲಿ, ಇಗೋ ಕೊಡೆ, ಚೆಲ್ಲಿದ ಹೂ ದಾರಕ್ಕೆ ತಾವಾಗಿಯೇ ಬಂದು ಕೂರುತ್ತಿವೆ, ಇಂಥ ಜನ, ಇಷ್ಟು ಇಲ್ಲದವರಾಗಿ ಒಬ್ಬರ ಜಾಗ ಒಬ್ಬರು ತಿನ್ನದ ಜನ. ಎವೆಲಿಯೊ ಆಸನಗಳ ನೀರು ಒರೆಸಿ, ಕರೆಂಟು ಇದ್ದಷ್ಟು ಹೊತ್ತು ಓಡಿಸ್ತೀನಿ, ಹೋದರೆ ನನ್ನ ಬೈಬೇಡಿ, ಬೇಗ ಬೇಗ, ಅಂದ, ಹುಲ್ಲುಟೋಪಿಯವರು ತಮ್ಮ ಪರಿವಾರದ ಜೊತೆ ಹತ್ತಿದರು, ಮೇಲೆ ಹೋದರು, ಮುಂದಿನವರು? ಸೊರೈದಾಳ ಮುಂದೆ ಒಂದು ಆಳು ನಿಲ್ಲುವಷ್ಟು ಒದ್ದೆ ನೆಲ ಖಾಲಿ ಇದೆ. ಏನಮ್ಮಾ ನೋಡ್ತಾ ನಿಂತೆ, ಹಿಂದಿನಿಂದ ರೋಲರಿನವಳು, ಹಸಿರಂಗಿ ಮನೆಗೆ ಹೋಯ್ತು, ಹತ್ತು ನೀನು. ಬರ್ತಾಳೆ. ಬರ್ತಾಳೆ ಅಂತ ನಿಂಗೆ ಹೇಳಿ ಹೋದ್ಲಾ? ಇಲ್ಲ. ಮತ್ತೆ? ಲೀಸ್ ಕೈ ಎಳೆಯುತ್ತಿದ್ದಾಳೆ, ಎವೆಲಿಯೊ ಸರಪಳಿ ಹಿಡಿದು ಕಾಯುತ್ತಿದ್ದಾನೆ, ಸೊರೈದಾ ಆ ಖಾಲಿ ನೆಲವನ್ನು ಯಾರದೋ ಮಲಗಿದ ಮಗುವನ್ನು ಕಾಯುವ ಹಾಗೆ ಕಾಯುತ್ತಿದ್ದಾಳೆ, ಅಷ್ಟರಲ್ಲಿ ನಾನಿದ್ದೀನಿ, ನಾನಿದ್ದೀನಿ, ಅನ್ನುತ್ತ ಓಡಿಬಂದದ್ದು ಬಿಳಿ — ಬಿಳಿ ಕೋಟು, ಕುತ್ತಿಗೆಯವರೆಗೂ ಗುಂಡಿ ಹಾಕಿದ, ಯಾಮಿ ಕೆಲಸ ಮಾಡುವ ಆಸ್ಪತ್ರೆ ಲ್ಯಾಬಿನ ಕೋಟು, ಒದ್ದೆ ಕೂದಲು ಎತ್ತಿ ಕಟ್ಟಿದೆ, ಕಂಕುಳಲ್ಲಿ ಅಮಾಯಾ, ಹೆಗಲಲ್ಲಿ ಊದಿದ ಚೀಲ. ರೋಲರಿನವಳು ತೋಳು ಅಡ್ಡ ಹಾಕಿದಳು. ಡಾಕ್ಟರಮ್ಮಾ, ಇಲ್ಲಿ ಯಾರಿಗೂ ಜ್ವರ ಬಂದಿಲ್ಲ, ಸಾಲಿನ ಕೊನೆ ಆ ಕಡೆ. ನಾನು ಹುಲ್ಲುಟೋಪಿಯವರ ಹಿಂದೆ. ಹುಲ್ಲುಟೋಪಿಯವರ ಹಿಂದೆ ಹಸಿರಂಗಿ ಇದ್ದದ್ದು, ನಾನೇ ನೋಡಿದ್ದೀನಿ, ನೀವು ಬಿಳಿ. ನಾನೇ ಹಸಿರು. ಹಾಗಾದ್ರೆ ನಾನು ನೀಲಿ, ಅಂತ ಹಿಂದೆ ಯಾರೋ ಅಂದರು, ನಗು ಎದ್ದಿತು, ಟೋಪಿಯವರನ್ನೇ ಕೇಳಿ ಅಂದಳು ಯಾಮಿ, ಎಲ್ಲರೂ ಮೇಲೆ ನೋಡಿದರು, ಹುಲ್ಲುಟೋಪಿಯವರು ಆಕಾಶದಲ್ಲಿ ಕೂತು ಇವರಿಗೆ ಪ್ರೀತಿಯಿಂದ ಕೈ ಬೀಸಿದರು. ಇನ್ನು ಉಳಿದ ಸಾಕ್ಷಿ ಒಂದೇ. ಹಿಂದಿನವರು. ಎಲ್ಲರ ಕಣ್ಣೂ ಸೊರೈದಾಳ ಮೇಲೆ ಬಂತು, ಯಾಮಿಯದೊಂದನ್ನು ಬಿಟ್ಟು, ಊರನ್ನೆಲ್ಲ ತಲೆಯಲ್ಲಿ ನಿಲ್ಲಿಸಿಕೊಂಡಿದ್ದವಳನ್ನು ಈಗ ನಿಲ್ಲಿಸಿಕೊಳ್ಳುವವರು ಯಾರೂ ಇಲ್ಲ, ಅದು ಅವಳಿಗೂ ಗೊತ್ತು, ಕೇಳುವುದಿಲ್ಲ, ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸುತ್ತಾಳೆ, ತಿರುಗಿ ಹೋಗುವ ಮೊದಲು ಹಾಗೆ ಮಾಡುತ್ತಾಳೆ, ಹೌದು ಇವಳೇ ಹಸಿರಂಗಿ ಅಂದರೆ ಸಾಕು, ಮೂರು ಮಾತು, ಆದರೆ ಬಾಯಿಂದ ಬಂದದ್ದು ಅದಲ್ಲ — ಇವಳು ನನ್ನ ತಂಗಿ, ಅಂದಳು.

ಅನ್ನಬಾರದಿತ್ತು. ಸಾಲಿನಲ್ಲಿ ಅನ್ನಲೇಬಾರದ ಮಾತು ಅದೊಂದೇ. ಓಹೋಹೋ ಅಂತ ಹಿಂದಿನಿಂದ ಮುಂದಿನವರೆಗೂ ಅಲೆ ಎದ್ದಿತು, ತಂಗಿಯಂತೆ! ನನ್ನ ಅತ್ತಿಗೇನೂ ಬರ್ತಾಳೆ, ಸೇರಿಸ್ಕೊಳ್ಳಿ! ನುಗ್ಗುವವರಿಗೆಲ್ಲ ಗೇಟಿನ ಹತ್ತಿರವೇ ಅಕ್ಕ ಹುಟ್ಟೋದು! ರೋಲರಿನವಳು ಸೊಂಟದ ಮೇಲೆ ಕೈಯಿಟ್ಟಳು, ಕೋಪಕ್ಕಿಂತ ಬೇಸರ ಜಾಸ್ತಿ ಅವಳ ದನಿಯಲ್ಲಿ, ನೋಡಮ್ಮಾ, ನೀನು ಒಳ್ಳೆಯವಳು ಅಂದ್ಕೊಂಡಿದ್ದೆ, ಅಷ್ಟು ಹೊತ್ತು ಆ ಹಸಿರಂಗಿ ಪಕ್ಕ ಕೂತಿದ್ದೆ, ಒಂದು ಪಿಟ್ಟು ಅಂತ ಮಾತಾಡಿದ್ದು ನಾನು ನೋಡಿಲ್ಲ, ಈಗ ತಂಗಿ ಅಂತೀಯ, ಯಾವ ಅಕ್ಕತಂಗೀರು ಹಾಗೆ ಕೂರ್ತಾರೆ ಹೇಳು, ಹೆಣದ ಮನೇಲೂ ಹಾಗೆ ಕೂರಲ್ಲ. ಅಷ್ಟೆ. ಎಲ್ಲರೂ ನಗುತ್ತಿದ್ದರು, ಆ ನಗುವಿನ ಒಳಗೆ ಒಂದು ಖಾಲಿ ಜಾಗ, ಅಲ್ಲಿ ಯಾಮಿ ನಿಂತಿದ್ದಾಳೆ, ಈಗ ಮೊದಲ ಸಲ ನೇರ ನೋಡುತ್ತಿದ್ದಾಳೆ, ಕಣ್ಣಿನಲ್ಲಿ ಏನಿದೆಯೆಂದು ಓದುವ ಮೊದಲು ಸೊರೈದಾಗೆ ಕಂಡದ್ದು ಚೀಲ, ಚೀಲದ ಮೂಲೆಯಿಂದ ನೀರು ತೊಟ್ಟಿಕ್ಕುತ್ತಿದೆ, ಇದೇನಿದು ಹುಡುಗಿ, ಆ ಒದ್ದೆ ಅಂಗಿ ತೆಗೆದು ತೋರಿಸಬಾರದೆ, ತೋರಿಸುವುದಿಲ್ಲ, ಸಾಯುತ್ತಾಳೆ ತೋರಿಸುವುದಿಲ್ಲ, ನನ್ನ ಮಾತೇ ಸಾಲದಿದ್ದರೆ ಬಟ್ಟೆಯ ಸಾಕ್ಷಿ ಯಾಕೆ ಅನ್ನುವವಳು, ಎಂಥ ಗಟ್ಟಿ ಹುಡುಗಿ, ಎಂಥ ಹಟ — ಸೊರೈದಾ ಕೇಳಲಿಲ್ಲ, ಕ್ಷಮಿಸಿ ಅನ್ನಲಿಲ್ಲ, ತಂಗಿಯ ಹೆಗಲಿನ ಚೀಲದ ಬಾಯಿಗೆ ಮೊಣಕೈಯವರೆಗೂ ಕೈ ಹಾಕಿದಳು, ಹಣಿಗೆ, ಡಬ್ಬಿ, ಮಗುವಿನ ಚಡ್ಡಿ ಎಲ್ಲವನ್ನೂ ಸರಿಸಿ ತಳದಿಂದ ಎಳೆದು ಮೇಲೆತ್ತಿದಳು, ಹಸಿರು, ಒದ್ದೆಯ ಭಾರಕ್ಕೆ ಉದ್ದವಾಗಿ ಜೋತುಬಿದ್ದ ಹಸಿರು, ನೀರು ತೋಳಿನುದ್ದಕ್ಕೂ ಇಳಿದು ಕಂಕುಳಿಗೆ ಬಂತು. ಯಾಮಿ ಮಾಡಿದ್ದೇನು, ಏ, ನನ್ನ ಚೀಲ ಕಣೇ, ಯಾವಾಗ್ಲೂ ನಿಂದು ಇದೇ ಆಯ್ತು, ಅಂದಳು, ಅಷ್ಟೇ ಅಂದದ್ದು. ರೋಲರಿನವಳು ಅಂಗಿ ನೋಡಲಿಲ್ಲ, ಇಬ್ಬರ ಮುಖಗಳನ್ನು ನೋಡಿದಳು, ಇದರ ಮೇಲಿಂದ ಅದಕ್ಕೆ, ಅದರ ಮೇಲಿಂದ ಇದಕ್ಕೆ, ಆಮೇಲೆ ಹಿಂದಕ್ಕೆ ತಿರುಗಿ ಊರಿಗೇ ಕೇಳುವ ಹಾಗೆ ತೀರ್ಪು ಕೊಟ್ಟಳು, ಅಕ್ಕತಂಗೀರೇ ಕಣ್ರೋ, ಬೇರೆ ಯಾರಾದ್ರೂ ಹೀಗೆ ಕೈ ಹಾಕಿದ್ರೆ ಕೆನ್ನೆಗೆ ಬಿದ್ದಿರ್ತಿತ್ತು, ಬಿಡಿ ದಾರಿ, ಎವೆಲಿಯೊ, ನಾಲ್ಕೂ ಜನಾನ ಒಂದೇ ತೊಟ್ಟಿಲಿಗೆ ಹಾಕಪ್ಪಾ, ಕರೆಂಟು ಹೋಗೋ ಮೊದಲು.

ಮತ್ತು ತೊಟ್ಟಿಲು ಏರುತ್ತಿದೆ, ಮಕ್ಕಳು ಒಂದು ಕಡೆ ಹಲ್ಲಿನ ವಿಷಯ ಮಾತಾಡುತ್ತಿವೆ, ಎದುರು ಸೀಟಿನಲ್ಲಿ ಇಬ್ಬರು ಹೆಂಗಸರು, ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ, ಬಾದಾಮಿ ಮರ ಕೆಳಗಾಯಿತು, ತಗಡುಗಳು ಕೆಳಗಾದವು, ತೊಳೆದ ಸಮುದ್ರ ಒಮ್ಮೆಲೇ ಎದ್ದು ನಿಂತಿತು, ಮಕ್ಕಳು ಸಮುದ್ರ ನೋಡಲಿಲ್ಲ, ಸೊರೈದಾಳೂ ನೋಡಲಿಲ್ಲ, ಅವಳ ಕೈಯಲ್ಲಿ ಅಂಗಿ ಇನ್ನೂ ಇದೆ, ಕೊಡುವುದು ಮರೆತಿದೆ, ಅದು ಅವಳ ಲಂಗವನ್ನೆಲ್ಲ ಒದ್ದೆ ಮಾಡುತ್ತಿದೆ, ಏನು ಹೇಳುವುದು, ಈಗಲಾದರೂ, ಅಮ್ಮ ಅನ್ನಲೇ, ಕಾಫಿ ಅನ್ನಲೇ, ಒಂಬತ್ತನೆಯ ದಿನ ನಾನು — ತೊಟ್ಟಿಲು ತುತ್ತತುದಿಯಲ್ಲಿ ನಿಂತಿತು, ಕೆಳಗೆ ಯಾರನ್ನೋ ಹತ್ತಿಸಿಕೊಳ್ಳುತ್ತಿರಬೇಕು ಅಥವಾ ಕರೆಂಟೇ ಹೋಯಿತೋ, ತೂಗಿತು, ತೂಗಿ ಸುಮ್ಮನಾಯಿತು. ಯಾಮಿ ಅಂಗಿಯ ಒಂದು ತೋಳು ಹಿಡಿದಳು. ಹಿಡ್ಕೋ ಸರಿಯಾಗಿ, ಅಂದಳು, ಹಾಗಲ್ಲ, ನೀನು ಆ ಕಡೆಗೆ ತಿರುಚು, ನಾನು ಈ ಕಡೆಗೆ. ಸೊರೈದಾ ತಿರುಚಿದಳು. ಅವಳು ಆ ಕಡೆಗೆ, ಇವಳು ಈ ಕಡೆಗೆ, ಬಟ್ಟೆ ಗಿಡ್ಡವಾಗುತ್ತ ಬಂತು, ಗಿಡ್ಡವಾದಷ್ಟೂ ಇಬ್ಬರೂ ಸೀಟಿನ ಮೇಲೆ ಹತ್ತಿರ ಸರಿಯಬೇಕಾಯಿತು, ಕಂಬಿಯಾಚೆ ಚಾಚಿ ಹಿಂಡಿದಾಗ ನೀರು ಧಾರೆಯಾಗಿ ಇಳಿಯಿತು, ತುಂಬ ಕೆಳಗಿಂದ ರೋಲರಿನವಳ ದನಿ, ಯಾರ್ರೀ ಅದು ಮೇಲಿಂದ, ಮದುವೆ ಇದೆ ಅಂದೆನಲ್ಲಾ, ನನ್ನ ತಲೆ!, ಯಾಮಿಯ ಹೆಗಲು ಕುಲುಕಿತು, ನಗುವೋ ಏನೋ, ನೋಡುವಂತಿಲ್ಲ, ನೋಡಿದರೆ ಹಿಡಿತ ತಪ್ಪುತ್ತದೆ, ಇನ್ನೊಂದು ಸುತ್ತು, ಅಂದಳು, ಇನ್ನೊಂದು, ನೀರು ಧಾರೆಯಿಂದ ಹನಿಯಾಯಿತು, ಹನಿ ತಡವಾಗುತ್ತ ಬಂತು, ಇಬ್ಬರ ಮುಷ್ಟಿಗಳ ನಡುವೆ ಹಗ್ಗದ ಹಾಗೆ ಬಿಗಿದ ಹಸಿರು, ಅದರ ಹೊಟ್ಟೆಯಲ್ಲಿ ತುಂಬಿಕೊಳ್ಳುತ್ತಿರುವ ಒಂದು ಹನಿ, ಇನ್ನೂ ಬೀಳದ್ದು, ಹಸಿರು, ಬಿಗಿದ ಹಸಿರು, ಹನಿ —