ಗಂಡನ ಹೆಸರು ಹೇಳದ ಬಾಯಿ

ಹೆಂಡತಿಯೊಡನೆ ಸೊಲ್ಲಾಪುರದಿಂದ ವಾಡಿಗೆ ಮರಳಿದ ನಾಗೇಂದ್ರಪ್ಪ ಅಲ್ಲಿ ಅವಳಿಗಾದ ಪಜೀತಿಯನ್ನು ನಗುತ್ತಲೇ ಹೇಳಿ ಊಟಕ್ಕೆ ಕುಳಿತ. ಅವನ ತಾಯಿ ಗುರುಲಿಂಗಮ್ಮನಿಗೆ ನಗು ಬರಲಿಲ್ಲ.

"ಸಾವಿರ ಮಂದ್ಯಾಗ ಗಂಡನ ಹೆಸರು ಹಿಡದು ಒದರಿದೇನ? ಅವನ ಆಯುಷ್ಯ ಕಡಿಮಿ ಆಗ್ತದಂತ ಗೊತ್ತಿಲ್ಲ ನಿಂಗ?"

ಸೊಸೆ ಶರಣಬಸಮ್ಮನ ಮೈ ಉರಿಯಿತು. ಎಂದೂ ಎದುರಾಡದವಳು ಗಂಟು ಕುಕ್ಕಿ ನಿಂತಳು.

"ಒದರದಿದ್ರ ಇವತ್ತ ನಾ ಎಲ್ಲಿರ್ತಿದ್ದೆ, ಕೇಳ್ರಿ ಅತ್ತಿ!"

ಸರಹದ್ದಿನಾಚೆಯ ಸೊಲ್ಲಾಪುರ ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ಗಂಡನ ಕೈ ತಪ್ಪಿತ್ತು. ಪೊಲೀಸನೊಬ್ಬ ಬಂದು ಗಂಡನ ಹೆಸರು ಕೇಳಿದ. ಅವನ ಅಷ್ಟು ಮರಾಠಿ ಅವಳಿಗೂ ತಿಳಿಯಿತು. ಆದರೆ ಸೆರಗು ಬಾಯಿಗೆ ಹೋಯಿತು. ಮೂರು ಸಲ ಕೇಳಿ ಬೇಸತ್ತು ಅವನು ಹೋದ.

ಇದನ್ನೆಲ್ಲ ನೋಡುತ್ತ ನಿಂತಿದ್ದವನೊಬ್ಬ ಹತ್ತಿರ ಬಂದ. ಹಣೆ ತುಂಬ ವಿಭೂತಿ. "ನಾವೂ ನಿಮ್ಮ ಕಡಿಯವರ ತಂಗಿ. ನಿನ್ನ ಗಂಡ ಹೊರಗ ಟಾಂಗಾದಾಗ ಕುಂತಾನ, ಬಾ."

ನಂಬಿ ಹೋದಳು. ಟಾಂಗಾ ಖಾಲಿ ಇತ್ತು. "ಹತ್ತು" ಎಂದು ಅವನು ರಟ್ಟೆ ಹಿಡಿದ.

ಆಗ ಹೊರಬಿತ್ತು ಹೆಸರು. "ನಾಗೇಂದ್ರಪ್ಪಾ!" ಜನ ತಿರುಗಿದರು, ವಿಭೂತಿಯವನು ಓಡಿದ, ಗಂಡ ಓಡಿ ಬಂದ.

ಪಕ್ಕದ ಮನೆಯ ಹಮೀದಾಬಿ ಗೋಡೆಯಾಚೆಯಿಂದ ಕೇಳಿ ಒಳಗೆ ಬಂದಳು. ಅವಳ ಗಂಡ ರೈಲ್ವೆಯಲ್ಲಿದ್ದ.

"ಗುರುಲಿಂಗಮ್ಮ, ನಿನ್ನ ಮಗ ನಾಕನೇ ರೊಟ್ಟಿ ಮುರಿಯಾಕತ್ತಾನ. ಆಯುಷ್ಯ ಎಲ್ಲಿ ಕಡಿಮಿ ಆಗ್ಯದ?"

"ಪದ್ಧತಿಗೆ ನಗಬ್ಯಾಡ ಹಮೀದಾ."

"ಮದುವಿ ಮನ್ಯಾಗ ಒಡಪಿನ ಪದ ಕಟ್ಟಿ ಅದರಾಗ ಯಜಮಾನರ ಹೆಸರು ಹೇಳ್ತಿಯಲ್ಲ! ಚಂದಕ್ಕ ಹೇಳಿದ್ರ ಬದುಕ್ತಾರ, ಜೀವ ಉಳಸ್ಕೊಳ್ಳಾಕ ಹೇಳಿದ್ರ ಸಾಯ್ತಾರೇನ?"

ಗುರುಲಿಂಗಮ್ಮ ಸೊಸೆಯ ಕಡೆ ತಿರುಗಿದಳು. ಸೊಸೆ ಕೊಡ ಎತ್ತುವಾಗ ತೋಳಿನ ಮೇಲೆ ನಾಲ್ಕು ಬೆರಳಿನ ನೀಲಿ ಗುರುತು ಕಂಡಿತು. ಮುದುಕಿಯ ಮುಖ ಕೆಂಪಾಯಿತು.

"ಹಿಡದವನ ಕೈ ಮುರೀಲಿ!" ಎಂದವಳು ಹೊರಗೆ ಕಟ್ಟೆಯ ಕಡೆ ತಿರುಗಿ ಒಮ್ಮೆಲೇ ಕೂಗಿದಳು: "ಸೂಗಪ್ಪಾ!"

ಅಲ್ಲಿ ಬೀಡಿ ಸೇದುತ್ತಿದ್ದ ಗುರುಲಿಂಗಮ್ಮನ ಗಂಡ ಬೆಚ್ಚಿದ. "ಯಾರ ಕರದದ್ದು?"

"ನಾನೇ. ಬದುಕೀರಿಲ್ಲೋ?"

ಅಕ್ಕ ತಂಗಿಯರೇ, ಪರ ಊರಿಗೆ ಹೊರಟರೆ ಗಂಡನ ಹೆಸರು, ನಿಮ್ಮೂರಿನ ಹೆಸರು ಬಾಯಲ್ಲಿರಲಿ, ಚೀಟಿಯಲ್ಲಿ ಬರೆಸಿ ಸೆರಗಿಗೆ ಕಟ್ಟಿರಿ. ಕೈ ತಪ್ಪಿದರೆ ನಿಂತಲ್ಲೇ ನಿಲ್ಲಿ, ಇಲ್ಲವೇ ಸ್ಟೇಷನ್ ಮಾಸ್ತರರ ಬಳಿ ಹೋಗಿ. ವಿಭೂತಿ ಕಂಡು, ನಮ್ಮ ಕಡೆಯ ಮಾತು ಕೇಳಿ ಯಾರ ಹಿಂದೆಯೂ ಹೋಗಬೇಡಿ. ಅತ್ತೆಯಂದಿರೇ, ನಿಮ್ಮ ಸೊಸೆಗೆ ಇವತ್ತೇ ಬಾಯಿ ಬಿಡಲು ಹೇಳಿ. ಮುಚ್ಚಿದ ಬಾಯಿ ಯಾರ ಆಯುಷ್ಯವನ್ನೂ ಕಾಯುವುದಿಲ್ಲ.