ಹೊರಟು ನಿಂತವಳು ಕುಡಿದ ನೀರು

ಪರದೆಯ ಮೇಲೆ ರಕ್ತ ತೀರಾ ಕೆಂಪಾಗಿದೆ, ಕುಂಕುಮ ಕದಡಿದ ನೀರಿನ ಹಾಗೆ, ನಿಜವಾದ ರಕ್ತ ಹಾಗಿರುವುದಿಲ್ಲ, ಅದು ಶೈಲಶ್ರೀಗೆ ಇವತ್ತು ಬೆಳಿಗ್ಗೆಯಿಂದ ಗೊತ್ತು, ಮಹಾಲಿಂಗಪ್ಪ ಮಾಮಾನ ಹಣೆಯಿಂದ ಇಳಿದದ್ದು ಕಪ್ಪಗಿತ್ತು, ಹುಬ್ಬಿನ ಮೇಲೆ ಒಂದು ಗಳಿಗೆ ನಿಂತು ಆಮೇಲೆ ಇಳಿದಿತ್ತು — ಮತ್ತೆ ಗುಂಡು, ಸಿನಿಮಾದ ಓಡಿಹೋದ ಜೋಡಿ ಈಗ ಪೆಟ್ರೋಲ್ ಬಂಕಿನವನನ್ನೂ ಕೊಂದಿತು, ಹಲ್ಲು ಕಿಸಿದನೆಂಬುದಷ್ಟೇ ಅವನ ತಪ್ಪು, ಟಾಕೀಸಿನ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಪಕ್ಕದಲ್ಲಿ ಬಸ್ಯಾನೂ ನಗುತ್ತಾನೆ, ಬಾಯಿತುಂಬ ಮಿರ್ಚಿ ಭಜಿ, ಇವನನ್ನು ನಂಬಿ ಬಂದೆನಲ್ಲ, ಮತ್ತೆ ಯಾರನ್ನು ನಂಬಬೇಕಿತ್ತು, ರಾಜೂರಿನ ಶಾಲೆಗೆ ಪಾಠ ಹೇಳಲು ಹೋಗುವಾಗ ಇವನದೇ ಟಂಟಂ ಆಟೋ, ಕನ್ನಡಿಯಲ್ಲಿ ಕದ್ದು ನೋಡಿದನೇ ಹೊರತು ಒಂದು ದಿನವೂ ಕತ್ತು ತಿರುಗಿಸಿ ಕಾಡಲಿಲ್ಲ, ಸಾಲದೇ ಅಷ್ಟು. ಪರದೆಯ ಹುಡುಗಿಗೆ ಹಸಿವಿಲ್ಲ, ತಲೆ ಬಾಚುವ ಗೋಜಿಲ್ಲ, ಕಾರು ಬಾಗಿಲಿಗೇ ಬಂದು ನಿಂತಿರುತ್ತದೆ, ಬಸ್ಯಾನ ಟಂಟಮ್ಮಿನ ಹಿಂದೆ ಅವನ ಅವ್ವನ ಹೆಸರು ಗೇಣುದ್ದದ ಅಕ್ಷರದಲ್ಲಿದೆ, ಅದರಲ್ಲಿ ಓಡಿಹೋಗುವುದೆಂದರೆ ಡಂಗುರ ಸಾರಿದಂತೆ, ಅದಕ್ಕೇ ಬಸ್ಸು, ಬೆಳಿಗ್ಗೆ ರೋಣದ ಬಸ್ ಸ್ಟ್ಯಾಂಡಿನಲ್ಲಿ ಇವನು, ಮನೆಯಲ್ಲಿ ಚೀಲ ಹಿಡಿದು ಅವಳು, ಅವ್ವ ಕಳಕವ್ವ ಮದುವೆಯ ಸೀರೆ ತರಲು ನರಗುಂದಕ್ಕೆ ಹೋಗಿದ್ದಳು, ಪಡಸಾಲೆಯಲ್ಲಿ ಮಾಮಾ ಎದ್ದು ನಿಂತ. ಅವ್ವನ ಒಡಹುಟ್ಟಿದ ತಮ್ಮ, ಮೆಣಸಿನಕಾಯಿ ವ್ಯಾಪಾರಿ, ಬರುವ ಸೋಮವಾರದಿಂದ ಗಂಡ. ಚೀಲ ಕೆಳಗಿಡು. ಇಡಂಗಿಲ್ಲ ಮಾಮಾ. ನೀ ತೊಟ್ಟಿಲದಾಗ ಇದ್ದಾಗನ ನಿಮ್ಮವ್ವ ನನಗ ಮಾತು ಕೊಟ್ಟಾಳ. ಆಕಿ ಕೊಟ್ಟಿದ್ರ ಆಕೀನ್ನ ಕೇಳು, ನಾ ಕೊಟ್ಟಿಲ್ಲ. ಜಡೆಗೆ ಕೈ ಹಾಕಿದ. ಅವಳ ಕೈಗೆ ಸಿಕ್ಕಿದ್ದು ಹಿತ್ತಾಳೆ ತಂಬಿಗೆ, ಒಂದೇ ಏಟು, ಠಣ್ ಎಂದು ದೇವರ ಕೋಣೆಯ ತನಕ ಕೇಳಿಸಿತು, ಮಾಮಾ ಮೊದಲು ಕೂತ, ಆಮೇಲೆ ಮಲಗಿದ.

ಅಲ್ಲಿಂದ ಮುಂದಿನದನ್ನು ಯಾವ ಸಿನಿಮಾದವರೂ ತೆಗೆಯುವುದಿಲ್ಲ, ತೆಗೆದರೆ ಜನ ನಂಬುವುದಿಲ್ಲ, ಹೊಸ್ತಿಲು ದಾಟಿ ಅಂಗಳಕ್ಕಿಳಿದರೆ ಎದುರು ಮನೆಯ ಕಟ್ಟೆಯ ಮೇಲೆ ಮುದುಕಿ ಹುಚ್ಚವ್ವಾಯಿ ಬಳ್ಳೊಳ್ಳಿ ಸುಲಿಯುತ್ತ, ಎಲ್ಲಿಗೆ ಹೊಂಟಿ ತಂಗೀ — ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಟ್ಟಂತೆ, ತಿರುಗಿ ಒಳಗೆ ಬಂದು, ಕೂತು, ನೀರು ಕುಡಿದೇ ಮತ್ತೆ ಹೊರಡಬೇಕು, ಆ ಮನೆಯಲ್ಲಿ ಹಾಗೆಯೇ ನಡೆದು ಬಂದಿದೆ, ಕಾಲು ತಾವಾಗಿಯೇ ತಿರುಗಿದವು. ಖೂನಿ ಮಾಡಿದೆನೆಂದುಕೊಂಡ ಮನೆಗೆ ವಾಪಸು ಹೋಗಿ, ಮಾಮಾನ ಪಕ್ಕದಲ್ಲೇ ಕೂತು, ನೆಗ್ಗಿದ ಅದೇ ತಂಬಿಗೆಗೆ ನೀರು ತುಂಬಿ, ನಿಧಾನವಾಗಿ ಕುಡಿದಳು, ಅವಸರ ಮಾಡಿದರೆ ಫಲವಿಲ್ಲವಂತೆ. ನನಗೂ ಒಂದೀಟು ಕೊಡು — ಕಣ್ಣು ಮುಚ್ಚಿಕೊಂಡೇ ಮಾಮಾ. ಸತ್ತಿಲ್ಲ. ಎದೆಯ ಮೇಲಿನ ಬಂಡೆ ಇಳಿದು ಅಳು ಬಂತು, ಬೆನ್ನಿಗೇ ಸಿಟ್ಟೂ ಬಂತು, ತಲೆ ಒಡೆದವಳ ಕೈಯಿಂದಲೇ ನೀರು ಬೇಕು ಈ ಮನುಷ್ಯನಿಗೆ. ತಲೆ ಎತ್ತಿ ಹಿಡಿದು ಕುಡಿಸಿದಳು. ಎರಡನೇ ಸಲ ಹೊರಗೆ ಬಂದಾಗ ಹುಚ್ಚವ್ವಾಯಿ ಕೇಳಬಾರದ್ದು ಕೇಳಿದೆನೆಂದು ಮುಖ ಸಣ್ಣ ಮಾಡಿ ಕೂತಿದ್ದಳು, ಪಾಪ ಅನ್ನಿಸಿ ಶೈಲಶ್ರೀಯೇ ಹೇಳಿದಳು, ಗಜೇಂದ್ರಗಡಕ್ಕ ಹೊಂಟೀನಾಯಿ. ಹೇಳಿ ನಾಲಿಗೆ ಕಚ್ಚಿಕೊಂಡಳು. ಬಸ್ಸು ತಪ್ಪಿತ್ತು, ಮುಂದಿನದರಲ್ಲಿ ಗಜೇಂದ್ರಗಡಕ್ಕೆ ಬಂದಿಳಿದರೆ ಅಲ್ಲಿಂದ ಇಲಕಲ್ಲಿಗೆ ಸಂಜೆಯೇ ಬಸ್ಸು, ಅಲ್ಲಿಯ ತನಕ ಕತ್ತಲೆ ಬೇಕಿತ್ತು, ಹಗಲು ಹೊತ್ತಿನಲ್ಲಿ ಕತ್ತಲೆ ಸಿಗುವ ಜಾಗ ಈ ಟಾಕೀಸೊಂದೇ.

ಪರದೆಯ ಜೋಡಿಯನ್ನು ಪೊಲೀಸರು ಸುತ್ತುವರಿದಿದ್ದಾರೆ, ಹುಡುಗಿ ನಗುತ್ತಿದ್ದಾಳೆ, ಬಾಗಿಲಿನ ಪರದೆ ಅಲುಗಿ ಬೆಳಕು ಬಿತ್ತು, ಗೇಟು ಕಾಯುವ ದಿಲಾವರನ ಕೈಯಲ್ಲಿ ಮೊಬೈಲ್ ಬೆಳಕು, ಅವನ ಹಿಂದೆ ತಲೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಮಾಮಾ, ಸಾಲು ಸಾಲು ಹುಡುಕುತ್ತ, ಕಾಲ ಸ್ವಲ್ಪ ತಗೀರಿ, ತಗೀರಿ — ಸುಮ್ನ ಪಿಚ್ಚರ್ ನೋಡಾಕ ಬಿಡ್ರಿ ಯಜಮಾನ್ರ, ಎಂದು ಯಾರೋ ಗದರಿದರು. ಬಗ್ಗು, ಲಗೂ ಬಗ್ಗು, ಎಂದ ಬಸ್ಯಾ ಆಗಲೇ ಕುರ್ಚಿಯ ಕೆಳಗಿದ್ದಾನೆ, ಮಿರ್ಚಿ ಚೆಲ್ಲಾಪಿಲ್ಲಿ. ಬಗ್ಗು. ತೊಟ್ಟಿಲಿನಿಂದ ಕೇಳಿದ್ದು ಅದನ್ನೇ, ಸೋಮವಾರವೂ ಬಗ್ಗು ಎನ್ನುತ್ತಿದ್ದರು, ತಾಳಿ ಕಟ್ಟಲು ಅನುಕೂಲವಾಗಲೆಂದು. ಹೆದರಿಕೆ ಇತ್ತು, ಆದರೂ ಎದ್ದು ನಿಂತಳು. ಇಲ್ಲೇ ಅದೀನಿ ಮಾಮಾ. ಮನಿಗೆ ನಡಿ ಶೈಲಾ. ಬರಂಗಿಲ್ಲ, ನೀ ಸಾಯಬಾರದಂತ ನೀರ ಕುಡಿಸೀನಿ, ನಿನ್ನ ಮದಿವ್ಯಾಗಾಕಲ್ಲ, ಬಸ್ಯಾ ಬಂದ್ರ ಬಸ್ಯಾನ ಕೂಡ ಹೊಕ್ಕೀನಿ, ಬರದಿದ್ರ ಒಬ್ಬಾಕೆ ಹೊಕ್ಕೀನಿ. ಮುಂದಿನ ಸಾಲುಗಳಿಂದ ಕೂಗು, ಕುಂದ್ರ ಯವ್ವಾ, ಕಾಣವಲ್ದು. ಏನು ಕಾಣಿಸುತ್ತಿಲ್ಲ ಇವರಿಗೆ, ಅವಳೂ ನೋಡಿದಳು — ಕಡೇ ಸಾಲು, ಬೆಳಕು ಬರುವ ಕಿಂಡಿ ಸರಿಯಾಗಿ ನೆತ್ತಿಯ ಹಿಂದೆ, ಪರದೆಯ ಮೇಲೆ ಪೊಲೀಸರಿಲ್ಲ, ಕಾರಿಲ್ಲ, ಬಂದೂಕಿಲ್ಲ, ಒಂದು ತಲೆಯ ನೆರಳು, ಬಿಚ್ಚಿದ ಜಡೆ, ಕಪ್ಪಗೆ, ಅಷ್ಟು ದೊಡ್ಡದು, ಅವಳದೇ. ಕುಂದ್ರು. ನೆರಳು ಕೂರಲಿಲ್ಲ. ಕುಂದ್ರು. ನೆರಳು —